ಬಲಗಾಲಿನ ಅಚ್ಚು

ಜನವರಿ 11

ಅಪ್ಪನಿಗೆ,

ಇದು ಕೆಲಸದ ಪತ್ರ. ಫೋನ್ ಮಾಡಿದರೆ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ಅತ್ತೆ ತಮಗೆ ತೋಚಿದಂತೆ ತಿದ್ದಿ ಹೇಳುತ್ತಾರೆ. ಈ ವಿಷಯದಲ್ಲಿ ಅಳತೆ ತಪ್ಪುವ ಹಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಆಸ್ಪತ್ರೆಗೆ ಕಾಗದ ತಂದುಕೊಡುವ ಅಂಚೆಯಣ್ಣನಿಗೆ ಬಲಪಾದದ ಕೀಲು ಸವೆದುಹೋಗಿದೆ. ಆರು ವರ್ಷದ ಹಿಂದೆ ಸೈಕಲ್ಲಿನಿಂದ ಬಿದ್ದು ಮುರಿದಿತ್ತು, ಯಾರೂ ಸರಿಯಾಗಿ ಕೂಡಿಸಲಿಲ್ಲ. ಈಗ ಹೆಜ್ಜೆ ಇಟ್ಟಾಗಲೆಲ್ಲ ಎಲುಬಿಗೆ ಎಲುಬು ಉಜ್ಜುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕೆ ಬದಲಿ ಕೀಲು ಹಾಕುವುದೂ ಉಂಟು. ನಮ್ಮಲ್ಲಿರುವುದು ಒಂದೇ ದಾರಿ, ಕೀಲನ್ನೇ ಇಲ್ಲವಾಗಿಸುವುದು. ಸವೆದ ಮೇಲ್ಮೈಯನ್ನು ಉಳಿಯಿಂದ ಕೆತ್ತಿ ತೆಗೆದು, ಹಸಿ ಎಲುಬನ್ನು ಹಸಿ ಎಲುಬಿಗೆ ಒತ್ತಿ ಸ್ಕ್ರೂ ಬಿಗಿದರೆ ಮೂರು ತಿಂಗಳಲ್ಲಿ ಎರಡೂ ಒಂದಾಗುತ್ತವೆ. ಆಮೇಲೆ ಆ ಪಾದ ಮಡಚುವುದಿಲ್ಲ, ನೋಯುವುದೂ ಇಲ್ಲ. ಬಾಗಿಲಿನ ಕೀಲು ಕಿತ್ತು ಹಲಗೆಯನ್ನು ಚೌಕಟ್ಟಿಗೇ ಬಿಗಿದುಬಿಟ್ಟಂತೆ.

ಕಷ್ಟ ಇರುವುದು ಬೇರೆ ಕಡೆ. ಯಾವ ಭಂಗಿಯಲ್ಲಿ ಬಿಗಿಯುತ್ತೇವೋ ಅವನು ಆಯುಷ್ಯವಿಡೀ ಅದೇ ಭಂಗಿಯಲ್ಲಿ ನಡೆಯಬೇಕು. ಬೆರಳು ಕೆಳಗಾದರೆ ಎಡವುತ್ತಾನೆ, ಹಿಮ್ಮಡಿ ಒಳಗೆ ವಾಲಿದರೆ ಪಾದದ ಅಂಚಿನ ಮೇಲೆ ಓಡಾಡುತ್ತಾನೆ. ಕೆಲಸ ಮಾಡುತ್ತಲೇ ಎಲುಬು ನೋಡುವ ಯಂತ್ರ ನಮ್ಮಲ್ಲಿ ಇಲ್ಲ. ಮಧ್ಯೆ ಒಂದು ಎಕ್ಸ್‌ರೇ ತೆಗೆದು, ಆ ಫಿಲ್ಮನ್ನು ವಾರ್ಡಿನಾಚೆಯ ಕತ್ತಲೆ ಕೋಣೆಗೆ ಕಳಿಸಿ, ತೊಳೆದು ತರುವ ಹೊತ್ತಿಗೆ ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಯಾರಾದರೂ ಪಾದವನ್ನು ಅಲುಗಿಸದೆ ಹಿಡಿದಿರಬೇಕು. ಕಳೆದ ಸಲ ಹಿಡಿದವರು ನಮ್ಮ ಹಿರಿಯ ದಾದಿ. ನಾವೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತೇವೆ. ಕೊನೆಗೆ ಅವರ ಕೈ ಜೋಮು ಹಿಡಿದು ಚಮಚ ಎತ್ತಲೂ ಆಗಲಿಲ್ಲ.

ಆದ್ದರಿಂದ ಮರದ ಒಂದು ಅಚ್ಚು ಬೇಕು. ಮೊಣಕಾಲಿನ ಕೆಳಭಾಗ ಮಲಗಲು ಒಂದು ಹಾಸು, ಅಂಗಾಲು ಒರಗಲು ಒಂದು ನಿಲುವು, ಎರಡೂ ಕೂಡುವಲ್ಲಿ ಸರಿಯಾದ ಮೂಲೆಮಟ್ಟ. ಹಿಮ್ಮಡಿ ಕೂರಲು ಒಂದು ಗುಳಿ. ಗಂಡಸಿನ ಕಾಲು, ಬಲಗಾಲು. ಚಿತ್ರ ಇದರೊಂದಿಗಿದೆ.

ಬಿಡುವಿಲ್ಲದಿದ್ದರೆ ತಿಳಿಸಿ, ಇಲ್ಲೇ ಯಾರನ್ನಾದರೂ ಕೇಳುತ್ತೇನೆ.

ಮಗಳು

*

ಜನವರಿ 25

ಮಗಳಿಗೆ,

ನಾನೂ ನಿನ್ನ ಅತ್ತೆಯೂ ಇದ್ದೇವೆ, ಒಡಹುಟ್ಟಿದವರ ಜಗಳಕ್ಕೆ ಕೊರತೆಯಿಲ್ಲ.

ಅಚ್ಚು ಮಾಡಿಕೊಡುತ್ತೇನೆ. ಬೇರೆ ಯಾರನ್ನೂ ಕೇಳಬೇಡ. ಗಂಟಿಲ್ಲದ, ಚೆನ್ನಾಗಿ ಒಣಗಿದ ತುಂಡೊಂದು ಅಟ್ಟದ ಮೇಲಿದೆ. ಆದರೆ ಅದನ್ನು ನಿಮ್ಮ ಹಬೆಯ ಡಬ್ಬಿಯಲ್ಲಿ ಬೇಯಿಸಬೇಡ, ಬಿರುಕು ಬಿಡುತ್ತದೆ. ಬೇಯಿಸಿದ ಬಟ್ಟೆಯನ್ನು ಅದರ ಮೇಲೆ ಹೊದಿಸಿಕೋ.

ಚಿತ್ರದ ಹಿಂದೆ ನಿಮ್ಮ ವಿದ್ಯುತ್ ಡ್ರಿಲ್ ಕೆಟ್ಟು ಕೈಯಲ್ಲಿ ತಿರುಗಿಸುವುದನ್ನೇ ಬಳಸುತ್ತಿದ್ದೀರಿ ಎಂದು ಬರೆದಿದ್ದೀಯ. ಅದಕ್ಕೆ ನಾಚಿಕೆ ಬೇಡ, ನನ್ನ ಅರ್ಧ ಆಯುಷ್ಯ ಅದರಲ್ಲೇ ಕಳೆದಿದೆ. ಮೊನೆ ಚೂಪಾಗಿರಲಿ. ತಳ್ಳಬೇಡ, ಅದರ ಪಾಡಿಗೆ ಅದು ತಿನ್ನಲಿ. ತಳ್ಳಿದರೆ ಬಿಸಿಯಾಗುತ್ತದೆ, ಸುಟ್ಟ ತೂತಿನಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಎಲುಬೂ ಹಾಗೆಯೇ ಇರಬೇಕು, ನನಗಿಂತ ನಿನಗೆ ಗೊತ್ತು.

ಅಲ್ಲಿಗೇ ಬಂದು ಅಂಚೆಯಣ್ಣನ ಕಾಲು ನೋಡಿ ಅಳತೆ ತೆಗೆದುಕೊಂಡಿದ್ದರೆ ಒಳ್ಳೆಯದಿತ್ತು. ಆದರೆ ಒಂದು ಮನೆಯ ಮೆಟ್ಟಿಲ ಕೆಲಸ ಹಿಡಿದಿದ್ದೇನೆ, ಬಿಟ್ಟು ಬರುವ ಹಾಗಿಲ್ಲ. ಗಂಡಸರ ಕಾಲು ಹೆಚ್ಚುಕಡಿಮೆ ಒಂದೇ. ಇಲ್ಲಿ ಸಿಕ್ಕ ಕಾಲಿನ ಅಳತೆ ಇಟ್ಟುಕೊಳ್ಳುತ್ತೇನೆ.

ಅಪ್ಪ

*

ಫೆಬ್ರವರಿ 13

ಮಗಳಿಗೆ,

ಅಚ್ಚು ಕಳಿಸಿದ್ದೇನೆ. ಮೂಲೆಯನ್ನು ಮೂರು ಸಲ ಮಟ್ಟಗೋಲು ಇಟ್ಟು ನೋಡಿದ್ದೇನೆ. ಅಡಿಯಲ್ಲಿ ಎರಡು ಮೊಳೆ ಎದ್ದಿವೆ, ಅಚ್ಚು ಮೇಜಿನಿಂದ ಜಾರದಿರಲಿ ಎಂದು. ತೆಗೆಯಬೇಡ.

ಅಪ್ಪ

*

ಫೆಬ್ರವರಿ 28

ಅಪ್ಪನಿಗೆ,

ನಿಮ್ಮ ಗಂಟನ್ನು ತಂದವನೂ ಅಂಚೆಯಣ್ಣನೇ. ಕುಂಟುತ್ತ ಹೊತ್ತು ತಂದು ಮೇಜಿನ ಮೇಲಿಟ್ಟು, "ಏನ್ ಡಾಕ್ಟ್ರೇ, ಕಲ್ಲು ತರಿಸಿದ್ದೀರಾ?" ಅಂದ. "ನಿನ್ನ ಕಾಲು," ಅಂದೆ. ಎರಡು ಹೆಜ್ಜೆ ಹಿಂದೆ ಸರಿದ.

ಮಂಗಳವಾರ ಶಸ್ತ್ರಚಿಕಿತ್ಸೆ ಆಯಿತು. ಬೆನ್ನಿಗೆ ಸೂಜಿ ಕೊಡುವ ನಮ್ಮ ಮಂಪರಣ್ಣ ಸೊಂಟದ ಕೆಳಗೆ ಮರಗಟ್ಟಿಸಿದ. ಕೀಲು ತೆರೆದು ಕೆತ್ತಲು ಮುಕ್ಕಾಲು ಗಂಟೆ. ಆಮೇಲೆ ಅಚ್ಚಿನ ಮೇಲೆ ಬಟ್ಟೆ ಹೊದಿಸಿ ಕಾಲನ್ನು ಇಟ್ಟೆವು. ಚೆನ್ನಾಗಿ ಕೂತಿತು. ನಾನು ಡ್ರಿಲ್ ಕೈಗೆತ್ತಿಕೊಂಡಿದ್ದೆ. ಮೇಜಿನ ತುದಿಯಲ್ಲಿ ನಿಂತಿದ್ದ ದೊಡ್ಡಕ್ಕ, "ಡಾಕ್ಟ್ರೇ, ಸ್ವಲ್ಪ ಈ ಕಡೆ ಬಂದು ನೋಡಿ. ಹಿಮ್ಮಡಿ ಒಳಗೆ ಬಿದ್ದಿದೆ ಅನ್ಸುತ್ತೆ," ಅಂದರು.

ಹೋಗಿ ನೋಡಿದೆ. ಅವರು ಹೇಳಿದ್ದು ನಿಜ. ಎಡಗಾಲಿನ ಪಕ್ಕ ಇಟ್ಟು ನೋಡಿದರೆ ಒಂದು ಬೆರಳಿನಷ್ಟು ವಾಲಿತ್ತು. ಗುಳಿಯ ಒಂದು ಬದಿಗೆ ಬಟ್ಟೆ ಮಡಚಿ ತುರುಕಿ, ಸರಿಮಾಡಿ, ಫಿಲ್ಮ್ ತೆಗೆದು, ಇಪ್ಪತ್ತೆರಡು ನಿಮಿಷ ಕಾದು, ಆಮೇಲೆ ಮೂರು ಸ್ಕ್ರೂ ಹಾಕಿದೆವು. ಡ್ರಿಲ್ ತಳ್ಳಲಿಲ್ಲ. ಕಾಲು ಸರಿಯಾಗಿ ಕೂತಿದೆ. ದೊಡ್ಡಕ್ಕ ಬಾಯಿಬಿಡದೆ ಇದ್ದಿದ್ದರೆ ಅಂಚೆಯಣ್ಣ ಬದುಕಿರುವವರೆಗೂ ಪಾದದ ಅಂಚಿನ ಮೇಲೆ ಕಾಗದ ಹಂಚುತ್ತಿದ್ದ, ಅದಕ್ಕೆ ಕಾರಣ ನಾನಾಗುತ್ತಿದ್ದೆ.

ನಿಮ್ಮ ಮೂಲೆಮಟ್ಟದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಗುಳಿಯನ್ನು ಮಾತ್ರ ಯಾವುದೋ ಕಾಲು ನೋಡಿ ಕೆತ್ತಿದ್ದೀರಿ, ಆ ಕಾಲೇ ಸೊಟ್ಟ. ಯಾರದು ಅದು? ಅವರಿಗೆ ನೋವಿರಲೇಬೇಕು. ಎಲ್ಲಾದರೂ ತೋರಿಸಿಕೊಳ್ಳಲು ಹೇಳಿ.

ಮಗಳು

*

ಮಾರ್ಚ್ 10

ಮಗಳಿಗೆ,

ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಸೊಟ್ಟ ಸಾಮಾನು ಹೊರಗೆ ಹೋಗಿದ್ದು ಇದೇ ಮೊದಲು. ತಲೆ ತಗ್ಗಿಸುವ ಹಾಗಾಯಿತು. ಆ ದಾದಿಯಮ್ಮನಿಗೆ ನನ್ನ ಪರವಾಗಿ ಕೈಮುಗಿ.

ಆ ಕಾಲು ಒಬ್ಬ ಗಿರಾಕಿಯದು. ಕುರ್ಚಿ ರಿಪೇರಿಗೆ ಬಂದಿದ್ದ. ಕೇಳಿದೆ, ನೋವೇನೂ ಇಲ್ಲವಂತೆ.

ಆ ಅಚ್ಚನ್ನು ಒಲೆಗೆ ಹಾಕು. ಬೇರೆ ಮಾಡಿಕೊಡುತ್ತೇನೆ.

ಅಪ್ಪ

*

ಮಾರ್ಚ್ 22

ಅತ್ತೆಗೆ,

ಈ ಪತ್ರವನ್ನು ಅಪ್ಪನಿಗೆ ತೋರಿಸಬೇಡಿ.

ಅಪ್ಪ ಒಲೆಗೆ ಹಾಕು ಎಂದ ಅಚ್ಚನ್ನು ನಾನು ಮನೆಗೆ ತಂದೆ. ಬಟ್ಟೆ ಹೊದಿಸಿದ್ದರಿಂದ ನಿಲುವುಹಲಗೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅದರ ಮೇಲೆ ಕಾಲಿಟ್ಟು ಪೆನ್ಸಿಲಿನಲ್ಲಿ ಗೀರಿದ ಗುರುತು ಇನ್ನೂ ಇದೆ. ಹೆಬ್ಬೆರಳಿಗಿಂತ ಎರಡನೇ ಬೆರಳು ಉದ್ದ, ತುದಿಯಲ್ಲಿ ತುಸು ಆಚೆಗೆ ಬಾಗಿದೆ. ಅದರ ಮೇಲೆ ನನ್ನ ಕಾಲಿಟ್ಟು ನೋಡಿದೆ. ನನ್ನದಕ್ಕಿಂತ ಎರಡು ಬೆರಳು ದೊಡ್ಡದು, ಉಳಿದದ್ದೆಲ್ಲ ನನ್ನದೇ.

ಗಿರಾಕಿಯ ಕಾಲು ಎಂದು ಅಪ್ಪ ಬರೆದಿದ್ದಾರೆ. ಸುಳ್ಳು ಹೇಳಲು ಬರದವರು ಪೆನ್ಸಿಲ್ ಗೆರೆ ಅಳಿಸುವುದನ್ನೂ ಮರೆಯುತ್ತಾರೆ.

ನಾನು ಬಂದಾಗಲೆಲ್ಲ ಮಂಡಿ ನೋವು ಎನ್ನುತ್ತಿದ್ದರು. ಇದು ಮಂಡಿಯಲ್ಲ. ಆ ಗುಳಿಯ ಪ್ರಕಾರ ಈ ಪಾದ ಎಷ್ಟೋ ವರ್ಷದಿಂದ ಹೀಗಿದೆ, ಮುರಿದು ತಾನಾಗಿ ಕೂಡಿಕೊಂಡ ಪಾದ. ಯಾವಾಗ ಮುರಿಯಿತು? ನನಗೇಕೆ ಯಾರೂ ಹೇಳಲಿಲ್ಲ?

ಸೊಸೆ

*

ಏಪ್ರಿಲ್ 3

ಸೊಸೆಗೆ,

ನಿಮ್ಮಪ್ಪ ಕೆಳಗೆ ಮರಗೆಲಸದ ಕಾರ್ಖಾನೆಯಲ್ಲಿದ್ದಾನೆ, ಮೆಟ್ಟಿಲ ಮೇಲೆ ಸದ್ದಾಗುವ ಮುಂಚೆ ಬರೆದು ಮುಗಿಸಬೇಕು. ನಾನು ಹೇಳಿದೆ ಅಂತ ಹೇಳಬೇಡ. ಹೇಳಿದರೂ ಪರವಾಗಿಲ್ಲ. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡು ದವಡೆ ನೋಯುತ್ತಿದೆ.

ನೀನು ಪರೀಕ್ಷೆ ಮುಗಿಸಿ ಆಸ್ಪತ್ರೆಗೆ ಸೇರಿದ ಮೊದಲ ತಿಂಗಳು ಅದು. ಹಲಗೆ ತೆಗೆಯಲು ಅಟ್ಟಕ್ಕೆ ಹತ್ತಿದವನು ಕಾಲು ತಿರುಚಿಕೊಂಡು ಬಿದ್ದ. ಪಾದ ಊದಿ ಚಪ್ಪಲಿಗೆ ಹಿಡಿಸಲಿಲ್ಲ. ನಿನಗೆ ಕಾಗದ ಬರೆಯಲು ಕೂತೆ. ಅವನು ಪಕ್ಕದಲ್ಲೇ ಮಲಗಿ, "ಆ ಕಾಲಿನ ಮೇಲೆ ನಿಂತ್ಕೊಳ್ತಾನೆ ಅಂತ ಬರಿ," ಅಂದ. "ಎಲ್ಲಿ ನಿಂತಿದ್ದೀಯೋ, ಗೋಡೆ ಹಿಡಿದು ಬಚ್ಚಲಿಗೆ ಹೋಗೋದೂ ಒಂಟಿ ಕಾಲಲ್ಲಿ," ಅಂದೆ. "ಹೊಸ ಕೆಲಸ ಅವಳದು, ಗಾಬರಿಯಾಗಿ ಓಡಿ ಬರ್ತಾಳೆ. ನಾನು ಹೇಳಿದ ಹಾಗೆ ಬರಿ," ಅಂದ. ಹಾಗೇ ಬರೆದೆ. ಇದರಲ್ಲಿ ನನ್ನ ಪಾಲೂ ಇದೆ.

ನಿನ್ನ ಉತ್ತರ ಬಂತು. ಉಳುಕು ಇರಬೇಕು, ಬಿಗಿಯಾಗಿ ಪಟ್ಟಿ ಕಟ್ಟಿ, ಕಾಲನ್ನು ಎತ್ತರದಲ್ಲಿ ಇಡಿ, ಹತ್ತು ದಿನದಲ್ಲಿ ಸರಿಹೋಗುತ್ತದೆ ಅಂತ. ಅದು ನೀನು ಡಾಕ್ಟರಾಗಿ ಬರೆದ ಮೊದಲ ಚೀಟಿಯಂತೆ. ಮನೆಗೆ ಬಂದವರಿಗೆಲ್ಲ ತೋರಿಸಿದ. ಕಾಲು ತೋರಿಸಲಿಲ್ಲ, ಚೀಟಿ ತೋರಿಸಿದ. ಎದುರು ಮನೆಯವರು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದರೆ, "ಮನೇಲೇ ಡಾಕ್ಟರ್ ಇರುವಾಗ ಬೀದೀಲಿ ಯಾಕೆ ಹುಡುಕೋದು?" ಅಂದ. ಹತ್ತು ದಿನ ಎಣಿಸಿದ. ಹನ್ನೊಂದನೇ ಬೆಳಿಗ್ಗೆ ಎದ್ದು ಆ ಕಾಲಿನ ಮೇಲೆ ನಿಂತ. ಅವನು ಹಲ್ಲು ಕಚ್ಚಿದ ಸದ್ದು ನನಗೆ ಅಡುಗೆಮನೆಗೆ ಕೇಳಿಸಿತು. "ಸರಿಹೋಗಿದೆ," ಅಂದ. ಅವತ್ತಿನಿಂದ ಅದೇ ಮಾತು.

ತಪ್ಪಾಗಿದೆ ಅಂತ ಅವನಿಗೆ ಗೊತ್ತಾಗುವಾಗ ವರ್ಷ ಕಳೆದಿತ್ತು. ಆಮೇಲೆ ನಿನಗೆ ಹೇಳುವುದು ಹೇಗೆ? ಮಗಳ ಮೊದಲ ಚೀಟಿ ಅಪ್ಪನ ಕಾಲು ತಿಂದಿತು ಅಂತ ಹೇಳುವುದೇ? ನೀನು ಬಂದಾಗಲೆಲ್ಲ ಸ್ಟೂಲು ಬಿಟ್ಟು ಏಳುತ್ತಿರಲಿಲ್ಲ. ನೀನು ಅದನ್ನು ಗರ್ವ ಅಂದುಕೊಂಡೆ. ಬಸ್ ನಿಲ್ದಾಣಕ್ಕೆ ಬಿಡಲು ಬರಲಿಲ್ಲ ಅಂತ ಮುಖ ಊದಿಸಿಕೊಂಡೆ.

ಇನ್ನೊಂದು ಹೇಳಿಬಿಡುತ್ತೇನೆ. ನೀನು ಕಪ್ಪು ನಿಲುವಂಗಿ ಹಾಕಿಕೊಂಡು ಪದವಿ ಇಸಿದುಕೊಂಡ ದಿನ ಅವನು ಬಂದಿದ್ದ. ಹೊಸ ಅಂಗಿ ಹಾಕಿಕೊಂಡು ಬಂದು ಆ ಸಭಾಂಗಣದ ಮೆಟ್ಟಿಲು ನೋಡಿದ. ಎಷ್ಟಿದ್ದವೋ ಅವನೇ ಎಣಿಸಿದ್ದಾನೆ, ನಲವತ್ತೋ ಏನೋ. ಹತ್ತಿದರೆ ಎಲ್ಲರೆದುರು ಅವನು ಕುಂಟುವುದನ್ನು ನೀನು ನೋಡುತ್ತೀಯ. ರಸ್ತೆಯ ಆಚೆ ಬದಿ ಒಂದು ಬೆಂಚಿನ ಮೇಲೆ ಕೂತು, ನೀನು ಹೊರಗೆ ಬರುವುದನ್ನು ನೋಡಿ, ವಾಪಸ್ ಬಸ್ ಹತ್ತಿದ. ಚೌಕಟ್ಟಿನ ಕೆಲಸ ಇತ್ತು, ಬರಲಾಗಲಿಲ್ಲ ಅಂತ ನಿನಗೆ ಬರೆದ.

ಮೆಟ್ಟಿಲ ಕೆಲಸ ಹಿಡಿದಿದ್ದೇನೆ ಅನ್ನುವುದೂ ಸುಳ್ಳೇ, ಅದನ್ನು ಬಿಟ್ಟು ಮೂರು ವರ್ಷ ಆಯಿತು. ಬೆಳಿಗ್ಗೆ ಒಂದು ಗಂಟೆ ನಿಂತರೆ ಹೆಚ್ಚು. ಆಮೇಲೆ ಉಳಿ ಮಸೆಯುತ್ತ ಕೂರುತ್ತಾನೆ. ಮಸೆದು ಮಸೆದು ಉಳಿಯೇ ಮುಗಿಯುತ್ತ ಬಂತು. ಕಾರ್ಖಾನೆಯನ್ನು ರೆಡಿಮೇಡ್ ಬಾಗಿಲಿನವನಿಗೆ ಬಿಟ್ಟುಕೊಡುವ ಮಾತಾಡುತ್ತಿದ್ದಾನೆ. ಅದನ್ನು ಬಿಟ್ಟರೆ ಅವನು ಬದುಕುವ ಜಾತಿಯಲ್ಲ, ನಿನಗೂ ಗೊತ್ತು. ಸದ್ದಾಯಿತು, ನಿಲ್ಲಿಸುತ್ತೇನೆ.

ಅತ್ತೆ

*

ಏಪ್ರಿಲ್ 16

ಅಪ್ಪನಿಗೆ,

ಅತ್ತೆ ಎಲ್ಲ ಬರೆದಿದ್ದಾರೆ. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ನಿಮ್ಮನ್ನು ತೋರಿಸಿಕೊಟ್ಟದ್ದು ನಿಮ್ಮ ಪೆನ್ಸಿಲು.

ಆ ಚೀಟಿ ಬರೆದ ನೆನಪು ನನಗಿಲ್ಲ. ಅದೇ ಹೆಚ್ಚು ಚುಚ್ಚುತ್ತಿದೆ. ಆ ತಿಂಗಳು ಏನು ಓದುತ್ತಿದ್ದೆ, ಯಾವ ವಾರ್ಡಿನಲ್ಲಿದ್ದೆ ಎಲ್ಲ ನೆನಪಿದೆ, ಇದು ಮಾತ್ರ ಇಲ್ಲ. ಎರಡು ನಿಮಿಷದಲ್ಲಿ ಬರೆದಿರಬೇಕು. ನಿಂತುಕೊಳ್ಳುತ್ತಾನೆ ಎಂದು ಬರೆಸಿದ್ದು ನಿಮ್ಮ ತಪ್ಪು. ಆದರೂ ಒಂದು ಎಕ್ಸ್‌ರೇ ತೆಗೆಸಿ ಎಂದು ಬರೆಯದಿದ್ದದ್ದು ನನ್ನದು. ಇವತ್ತು ಯಾರಾದರೂ ಕಿರಿಯರು ಹೀಗೆ ಚೀಟಿ ಬರೆದರೆ ನಾನು ವಾರ್ಡಿನ ಮಧ್ಯೆ ನಿಲ್ಲಿಸಿ ಬೈಯುತ್ತೇನೆ.

ನಿಮ್ಮ ಮೇಲೆ ವರ್ಷಗಟ್ಟಲೆ ಸಿಟ್ಟು ಇಟ್ಟುಕೊಂಡಿದ್ದೆ. ಆ ದಿನ ಮೆಟ್ಟಿಲ ಮೇಲೆ ನಿಂತು ನಿಮಗಾಗಿ ರಸ್ತೆಯ ಎರಡೂ ಕಡೆ ನೋಡಿದ್ದೆ. ಎದುರು ಬದಿಯ ಬೆಂಚನ್ನು ನೋಡಲಿಲ್ಲ.

ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ. ಬನ್ನಿ. ಕಾಲು ನೋಡುತ್ತೇನೆ.

ಮಗಳು

*

ಏಪ್ರಿಲ್ 30

ಮಗಳಿಗೆ,

ನಿನ್ನ ಅತ್ತೆಯ ಹೊಟ್ಟೆಯಲ್ಲಿ ಸೂಜಿಯೂ ನಿಲ್ಲುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿರಬೇಕಿತ್ತು. ಎರಡು ದಿನ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತೇ ಆಗಲಿಲ್ಲ, ಅವಳ ಪಾಡಿಗೆ ಅವಳು ಮಾತಾಡುತ್ತಲೇ ಇದ್ದಳು.

ನನ್ನ ಕಾಲನ್ನೇ ಏಕೆ ಅಳತೆಗೆ ಇಟ್ಟುಕೊಂಡೆ ಎಂದು ನೀನು ಕೇಳಿಲ್ಲ. ಹೇಳುತ್ತೇನೆ. ನಿನಗೆ ಬಲಗಾಲು ಬೇಕಿತ್ತು. ಒಳ್ಳೆಯ ಕಾಲಾದರೆ ಅಳೆಯುವಾಗ ಅತ್ತಿತ್ತ ಆಡುತ್ತದೆ. ಇದು ಅಲುಗುವುದಿಲ್ಲ, ಅಳೆಯಲು ಸಲೀಸು. ಸೊಟ್ಟ ಎಂದು ಹೊಳೆಯಲೇ ಇಲ್ಲ. ದಿನಾ ನೋಡುವ ಕಾಲು, ನನಗೆ ಅದೇ ನೇರ.

ನಾನು ಬರುವುದಿಲ್ಲ. ಕೋಪವಿಲ್ಲ, ಎಂದೂ ಇರಲಿಲ್ಲ. ಆದರೆ ಆ ಕಾಲು ಬಿಚ್ಚಿದರೆ ಒಳಗೆ ನಿನಗೆ ಕಾಣುವುದು ಎಲುಬಲ್ಲ, ನಿನ್ನ ಚೀಟಿ. ಕೈ ನಡುಗುತ್ತದೆ. ನಡುಗುವ ಕೈಗೆ ಉಳಿ ಕೊಡಬಾರದು, ಇದು ನನ್ನ ಕಸುಬು ಕಲಿಸಿದ ಮಾತು. ಒಂದು ಸಲ ನಡುಗಿದ ಕೈ ಮಾರನೆಯ ದಿನ ಬೇರೆಯವರ ಕಾಲಿನ ಮೇಲೂ ನಡುಗುತ್ತದೆ. ನಿನ್ನ ಕೈಗೆ ಇನ್ನೂ ಬೇಕಾದಷ್ಟು ಕೆಲಸವಿದೆ. ನನ್ನದು ಹೇಗೂ ಮುಗಿಯುತ್ತ ಬಂತು. ರೆಡಿಮೇಡ್ ಬಾಗಿಲಿನವನು ವರ್ಷಾಂತ್ಯಕ್ಕೆ ಉತ್ತರ ಕೇಳಿದ್ದಾನೆ.

ಈ ವಿಷಯ ಇಲ್ಲಿಗೆ ಸಾಕು.

ಅಪ್ಪ

*

ಜೂನ್ 3

ಅಪ್ಪನಿಗೆ,

ಸಾಕು ಎಂದಿದ್ದೀರಿ. ಒಂದು ತಿಂಗಳು ಸುಮ್ಮನಿದ್ದೆ.

ಮೊನ್ನೆ ಅಂಚೆಯಣ್ಣನ ಪ್ಲಾಸ್ಟರ್ ಕತ್ತರಿಸಿದೆವು. ಫಿಲ್ಮಿನಲ್ಲಿ ಎರಡು ಎಲುಬಿನ ನಡುವಿನ ಕಪ್ಪು ಗೆರೆ ಹೋಗಿ ಒಂದೇ ಎಲುಬಾಗಿದೆ. ಅವನನ್ನು ನಿಲ್ಲಿಸಿದೆವು. ನಿಂತವನು ಮುಖ ಹಿಂಡಿಕೊಂಡು ನೋವಿಗಾಗಿ ಕಾದ. ಬರಲಿಲ್ಲ. ಮತ್ತೂ ಸ್ವಲ್ಪ ಹೊತ್ತು ಕಾದು, "ಇಷ್ಟೇನಾ?" ಅಂದ. ಯಾರೋ ಅವನಿಗೆ ಮೋಸ ಮಾಡಿದ ಹಾಗೆ ಕೇಳಿದ.

ನಿಮಗೆ ಎಲ್ಲವನ್ನೂ ಮೊದಲೇ ಹೇಳಬೇಕು. ಕೀಲು ಹೋದರೆ ಹೋಯಿತು, ಮತ್ತೆ ಬರುವುದಿಲ್ಲ. ಏಣಿ ಹತ್ತುವುದು ಕಷ್ಟ, ಇಳಿಜಾರಿನಲ್ಲಿ ನಿಧಾನ, ನೆಲದ ಮೇಲೆ ಕೂತು ಪಾದದಲ್ಲಿ ಹಲಗೆ ಒತ್ತಿಹಿಡಿದು ಕೊಯ್ಯುವುದಂತೂ ಆಗುವುದಿಲ್ಲ. ನೂರರಲ್ಲಿ ಐದಾರು ಜನಕ್ಕೆ ಎಲುಬು ಕೂಡುವುದೂ ಇಲ್ಲ. ಕೂಡಿದರೆ ಮೇಜಿನ ಮುಂದೆ ದಿನವಿಡೀ ನಿಲ್ಲಬಹುದು.

ಇನ್ನು ಕೈ ನಡುಗುವ ಮಾತು. ನೀವು ಹೇಳಿದ್ದು ಸರಿ, ನಡುಗುತ್ತದೆ. ಆದ್ದರಿಂದ ಉಳಿಯನ್ನೂ ಡ್ರಿಲ್ಲನ್ನೂ ನಾನು ಮುಟ್ಟುವುದಿಲ್ಲ. ನನಗೆ ಕಲಿಸಿದ ಮೇಷ್ಟ್ರು ವರ್ಷಕ್ಕೆ ಎರಡು ಸಲ ಇಲ್ಲಿಗೆ ಬಂದು ಒಂದು ವಾರ ಕೆಲಸ ಮಾಡಿಕೊಡುತ್ತಾರೆ. ಜುಲೈಯಲ್ಲಿ ಬರುತ್ತಾರೆ. ಕೊರೆಯುವುದು ಅವರು. ಪಾದ ಹಿಡಿಯುವುದು ನಾನು.

ಚಿಕ್ಕವಳಿದ್ದಾಗ ನೀವು ಹಲಗೆ ಕೊಯ್ಯುವಾಗ ಇನ್ನೊಂದು ತುದಿ ಹಿಡಿಯಲು ನನ್ನನ್ನು ನಿಲ್ಲಿಸುತ್ತಿದ್ದಿರಿ. ಕೊಯ್ಯುವವನು ತಪ್ಪಿದರೆ ತಿದ್ದಬಹುದು, ಹಿಡಿದವರು ಅಲುಗಿದರೆ ಮರ ಹಾಳು ಎನ್ನುತ್ತಿದ್ದಿರಿ. ಒಮ್ಮೆ ಮೂಗಿನ ಮೇಲೆ ನೊಣ ಕೂತಾಗಲೂ ನಾನು ಅಲುಗಿರಲಿಲ್ಲ. ನಿಮಗೆ ನೆನಪಿರಬೇಕು.

ಮಗಳು

*

ಜೂನ್ 17

ಮಗಳಿಗೆ,

ನೊಣ ನೆನಪಿದೆ.

ನಿನ್ನ ಕಾಗದ ಮೇಜಿನ ಮೇಲೆ ನಾಲ್ಕು ದಿನ ಇತ್ತು. ನೂರರಲ್ಲಿ ಐದಾರು ಎಂದಿದ್ದೀಯ. ನಾನು ಕೂಡಿಸಿದ ಚೌಕಟ್ಟುಗಳಲ್ಲೂ ಅಷ್ಟೇ ಬಿಟ್ಟುಕೊಂಡಿರಬಹುದು, ಲೆಕ್ಕ ಇಟ್ಟಿಲ್ಲ. ನೆಲದ ಮೇಲೆ ಕೂತು ಕೊಯ್ಯುವುದು ಹೋದರೆ ಹೋಗಲಿ. ಮೇಜಿಗೆ ಹಲಗೆ ಕಚ್ಚಿಹಿಡಿಯುವ ಇನ್ನೊಂದು ಹಿಡಿತ ಹಾಕಿಕೊಳ್ಳುತ್ತೇನೆ, ಅದರ ಚಿತ್ರವೂ ಬರೆದಾಯಿತು. ಚಿತ್ರ ಬರೆದ ಮೇಲೆ ಗೊತ್ತಾಯಿತು, ನಾನು ಆಗಲೇ ಒಪ್ಪಿಬಿಟ್ಟಿದ್ದೇನೆ ಎಂದು.

ಬರುವಾಗ ಹೊಸ ಅಚ್ಚು ತರುತ್ತೇನೆ. ಈ ಸಲ ಎಡಗಾಲಿನ ಅಳತೆ ತೆಗೆದು, ಕಾಗದವನ್ನು ಮಗುಚಿ ಬಲಗಾಲು ಮಾಡಿದೆ. ಎದುರು ಮನೆಯವರನ್ನು ಕರೆದು ಹಿಂದಿನಿಂದ ನೋಡಿಸಿದೆ. ಪೆನ್ಸಿಲ್ ಗೆರೆ ಅಳಿಸಿದ್ದೇನೆ.

ಒಂದು ಷರತ್ತು. ಬಸ್ ನಿಲ್ದಾಣಕ್ಕೆ ನೀನು ಬರಬೇಡ. ನಾನು ನಡೆದು ಬರುವುದನ್ನು ದೂರದಿಂದ ನೋಡುತ್ತ ನಿಲ್ಲುವುದು ಬೇಡ. ಆಸ್ಪತ್ರೆಯ ಬಾಗಿಲಲ್ಲಿ ಇರು.

ಅಪ್ಪ

*

ಜುಲೈ 23

ಅತ್ತೆಗೆ,

ನಿನ್ನೆ ಆಯಿತು. ಅಪ್ಪ ಚೆನ್ನಾಗಿದ್ದಾರೆ. ಮಂಪರಣ್ಣನ ಜೊತೆ ಆಪರೇಷನ್ ಮೇಜಿನ ಕಾಲು ಅಲ್ಲಾಡುವ ಬಗ್ಗೆ ಜಗಳವಾಡಿದ್ದಾರೆ.

ಬಸ್ ನಿಲ್ದಾಣಕ್ಕೆ ನಾನು ಹೋಗಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆ. ರಸ್ತೆಯ ತಿರುವಿನಿಂದ ಬಾಗಿಲವರೆಗೆ ಇನ್ನೂರು ಹೆಜ್ಜೆ. ಬಗಲಲ್ಲಿ ಅಚ್ಚು ಇಟ್ಟುಕೊಂಡು ಬಂದರು. ಅಷ್ಟು ದೂರವೂ ನೋಡಿದೆ, ಬೇಡ ಎಂದದ್ದು ನಿಲ್ದಾಣಕ್ಕೆ ಮಾತ್ರ. ಹತ್ತಿರ ಬಂದು, "ನೋಡಿ ಆಯ್ತಾ?" ಅಂದರು. "ಆಯ್ತು," ಅಂದೆ.

ಕೆತ್ತುವಾಗ ನಾನು ಒಳಗೆ ನೋಡಿದೆ. ಹಳೆಯ ಮುರಿತದ ಗೆರೆ ಇನ್ನೂ ಇತ್ತು. ಆಗ ಒಂದು ತಿಂಗಳು ಪ್ಲಾಸ್ಟರ್ ಹಾಕಿದ್ದರೆ ಮುಗಿಯುತ್ತಿತ್ತು. ಇದನ್ನು ನಿಮಗಲ್ಲದೆ ಯಾರಿಗೂ ಹೇಳುವುದಿಲ್ಲ.

ಅಚ್ಚಿನಲ್ಲಿ ಪಾದ ಇಟ್ಟೆವು, ಹಿಮ್ಮಡಿ ನೇರ ಕೂತಿತು. ದೊಡ್ಡಕ್ಕ ಮೇಜಿನ ತುದಿಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿ ತಲೆಯಾಡಿಸಿದರು. ನಾನು ಎರಡೂ ಕೈಯಲ್ಲಿ ಅದನ್ನು ಅಚ್ಚಿಗೆ ಒತ್ತಿ ಹಿಡಿದೆ. ಮೇಷ್ಟ್ರು ತಾವೇ ತಂದಿದ್ದ ವಿದ್ಯುತ್ ಡ್ರಿಲ್ಲಿನಲ್ಲಿ ಮೊದಲ ತೂತು ಅರ್ಧ ಕೊರೆದಿದ್ದರು, ಕರೆಂಟ್ ಹೋಯಿತು. ಜನರೇಟರ್ ಎಳೆಯಲು ಹೋದವನು ಬರಲು ಹತ್ತು ನಿಮಿಷ. ಡ್ರಿಲ್ ಎಲುಬಿನೊಳಗೇ ಇತ್ತು, ಯಾರೂ ಕೈ ತೆಗೆಯುವ ಹಾಗಿರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಹಾಗೇ ನಿಂತೆವು. ಸೊಂಟದ ಮೇಲೆ ಅಪ್ಪನಿಗೆ ಪೂರ್ತಿ ಎಚ್ಚರ. ಪರದೆಯ ಆಚೆಯಿಂದ, "ಯಾರು ಹಿಡಿದಿರೋದು?" ಅಂದರು. "ನಾನೇ," ಅಂದೆ. ಅವರಿಗೆ ಕೇಳಿಸಲಿಲ್ಲ. ಮಂಪರಣ್ಣ ಅವರ ಕಿವಿಯ ಹತ್ತಿರ ಬಗ್ಗಿ, "ನಿಮ್ಮ ಮಗಳು," ಅಂದ. "ಹಾಗಾದ್ರೆ ಸರಿ. ಅಲುಗಬೇಡ ಅಂತ ಹೇಳಿ," ಅಂದರು.

ನಾನು ಅಲುಗಲಿಲ್ಲ. ಆದರೆ ಮುಖಗವಸಿನೊಳಗೆ ಅತ್ತುಬಿಟ್ಟೆ. ಕೈ ಬಿಡುವ ಹಾಗಿಲ್ಲದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ, ದೊಡ್ಡಕ್ಕ ಒರೆಸಿದರು.

ನಾಲ್ಕು ತಿಂಗಳು ಅವರು ನನ್ನ ಜೊತೆಯೇ ಇರುತ್ತಾರೆ. ಅವರ ದಪ್ಪ ಕನ್ನಡಕ ಮತ್ತು ಸಣ್ಣ ಉಳಿ ಕಳಿಸಿ. ಮಲಗಿದಲ್ಲಿಂದಲೇ ನನ್ನ ಮನೆಯ ಕಿಟಕಿಗಳಲ್ಲಿ ತಪ್ಪು ಹುಡುಕುತ್ತಿದ್ದಾರೆ.

ಸೊಸೆ

*

ನವೆಂಬರ್ 26

ಮಗಳಿಗೆ,

ಕ್ಷೇಮವಾಗಿ ತಲುಪಿದೆ. ನೀನು ಬಸ್ ಹೊರಟ ಮೇಲೂ ನಿಲ್ದಾಣದಲ್ಲೇ ನಿಂತಿದ್ದುದನ್ನು ಹಿಂದಿನ ಗಾಜಿನಲ್ಲಿ ನೋಡಿದೆ.

ಇಲ್ಲಿ ಇಳಿದು ಮನೆವರೆಗೆ ನಡೆದೇ ಬಂದೆ. ಕೆಳಗೆ ಕಾರ್ಖಾನೆಗೆ ಬೀಗ ಇತ್ತು. ಮೆಟ್ಟಿಲು ಹತ್ತಿದೆ. ಹತ್ತುವುದು ಸಲೀಸು, ಇಳಿಯುವಾಗ ಇನ್ನೂ ಕಂಬಿ ಬೇಕು. ಬಾಗಿಲ ಹತ್ತಿರ ಬಂದಾಗ ನಿನ್ನ ಅತ್ತೆ ಒಳಗಿನಿಂದ, "ಯಾರದು?" ಅಂದಳು. ಹನ್ನೊಂದು ವರ್ಷ ಈ ಮೆಟ್ಟಿಲ ಮೇಲೆ ನನ್ನ ಒಂದು ಹೆಜ್ಜೆ ಬೀಳುತ್ತಿತ್ತು, ಇನ್ನೊಂದು ಎಳೆಯುತ್ತಿತ್ತು. ಆ ಸದ್ದು ಕೇಳಿಯೇ ತಟ್ಟೆ ಇಡುತ್ತಿದ್ದವಳು. "ಯಾರದು ಅಂದೆ," ಎಂದು ಮತ್ತೆ ಕೇಳಿದಳು. "ನಾನು," ಅಂದೆ. ನಂಬದೆ ಕಿಟಕಿಯಿಂದ ಇಣುಕಿ ನೋಡಿ ಆಮೇಲೆ ತೆಗೆದಳು. ನನ್ನ ಕಾಲನ್ನೇ ನೋಡುತ್ತ ತಟ್ಟೆ ಇಟ್ಟಳು.

ರೆಡಿಮೇಡ್ ಬಾಗಿಲಿನವನಿಗೆ ಬೇಡ ಎಂದು ಹೇಳಿ ಕಳಿಸಿದ್ದೇನೆ. ಮೇಜಿಗೆ ಹೊಸ ಹಿಡಿತ ಹಾಕಿದೆ. ನಿನ್ನೆ ಬೆಳಿಗ್ಗೆ ನಿಂತವನು ಊಟಕ್ಕೆ ಕರೆಯುವವರೆಗೆ ಕೂರಲಿಲ್ಲ. ನಿಂತಿದ್ದೇನೆ ಎನ್ನುವುದು ಮರೆತೇಹೋಗಿತ್ತು. ಏಣಿ ಹತ್ತುವುದಿಲ್ಲ, ಅಟ್ಟದ ಹಲಗೆಗಳನ್ನೆಲ್ಲ ಎದುರು ಮನೆಯವರು ಇಳಿಸಿಕೊಟ್ಟರು.

ಹಲಗೆ ಇಳಿಸುವಾಗ ಹಳೆಯ ಉಪಕರಣದ ಪೆಟ್ಟಿಗೆಯೂ ಕೆಳಗೆ ಬಂತು. ಅದರ ಮುಚ್ಚಳದ ಒಳಗಡೆ ನಿನ್ನ ಚೀಟಿ ಅಂಟಿಸಿಟ್ಟಿದ್ದೆ. ಹಾಗೆ ಬರೆದ ನೆನಪಿಲ್ಲ ಎಂದಿದ್ದೆಯಲ್ಲ, ಅದಕ್ಕೇ ಹಬೆ ಹಿಡಿದು ಹರಿಯದ ಹಾಗೆ ಬಿಡಿಸಿ ಇದರೊಂದಿಗೆ ಕಳಿಸುತ್ತಿದ್ದೇನೆ. ಬೈದುಕೊಳ್ಳಲು ಅಲ್ಲ. ನಿನ್ನ ಅಕ್ಷರ ಆಗ ಎಷ್ಟು ದುಂಡಗಿತ್ತು ನೋಡು, ಈಗ ಯಾರೂ ಓದಲಾರರು. ಕೊನೆಯ ಸಾಲು ಓದಿಕೋ. ಹತ್ತು ದಿನದಲ್ಲಿ ಸರಿಹೋಗುತ್ತದೆ ಎಂದಿದೆ.

ಸರಿಹೋಗಿದೆ.

ಅಪ್ಪ